‘ಯಾವಾಗ ಬೇಕಾದ್ರೂ ಬಿಡ್ತೇನೆ ಮಾರಾಯ’

2023ರ ಜನವರಿಯಲ್ಲಿ ಗಾಂಜಾ ಕೇಸಿನಲ್ಲಿ ಮಂಗಳೂರಿನ ಕೆಲವು ಮೆಡಿಕಲ್, ಡೆಂಟಲ್ ವಿದ್ಯಾರ್ಥಿಗಳನ್ನೂ ವೈದ್ಯರನ್ನೂ ಪೊಲೀಸರು ಬಂಧಿಸಿದಾಗ ಊರಿಡೀ ಒಂದೇ ಪ್ರಶ್ನೆ: "ಡಾಕ್ಟರ್ ಆಗುವವರಿಗೇ ಗೊತ್ತಿಲ್ವಾ?" ಬಂಧನ ಆದ ಮಾತ್ರಕ್ಕೆ ತಪ್ಪು ಸಾಬೀತಾಯಿತು ಅಂತ ಅಲ್ಲ, ಅದು ಕೋರ್ಟಿನ ವಿಷಯ. ಆದರೆ ಆ ಪ್ರಶ್ನೆಯೇ ಸರಿ ಇಲ್ಲ ಅಂತ ನಮಗೀಗ ಅನಿಸ್ತದೆ. ಗೊತ್ತಿರುವುದು ಬೇರೆ, ಗೊತ್ತಿದ್ದದ್ದು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವುದು ಬೇರೆ.

ಅಮೆರಿಕದ ಅಯೋವಾದಲ್ಲಿ ಬೆಚಾರಾ, ಡಮಾಸಿಯೋ ಮುಂತಾದವರು 1994ರಲ್ಲಿ ಒಂದು ಇಸ್ಪೀಟಿನ ಪ್ರಯೋಗ ಪ್ರಕಟಿಸಿದರು. ನಾಲ್ಕು ಕಟ್ಟು ಎಲೆ. ಎರಡರಲ್ಲಿ ಎಲೆಗೆ 100 ಡಾಲರ್ (ಆಟದ ದುಡ್ಡು), ಆದರೆ ನಡುನಡುವೆ ದೊಡ್ಡ ದಂಡ. ಇನ್ನೆರಡರಲ್ಲಿ ಬರೀ 50, ದಂಡವೂ ಸಣ್ಣದು. ಹತ್ತು ಎಲೆಯ ಲೆಕ್ಕ ಹಾಕಿದರೆ 100ರ ಕಟ್ಟಿನಲ್ಲಿ 250 ನಷ್ಟ, 50ರ ಕಟ್ಟಿನಲ್ಲಿ 250 ಲಾಭ. ಹೆಚ್ಚಿನವರು ಸ್ವಲ್ಪ ಹೊತ್ತಿನಲ್ಲೇ ಕಟ್ಟು ಬದಲಾಯಿಸುತ್ತಾರೆ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದವರು ಬದಲಾಯಿಸಲಿಲ್ಲ. ಅವರಲ್ಲಿ ಕೆಲವರು ಯಾವ ಕಟ್ಟು ಕೆಟ್ಟದ್ದು ಅಂತ ಬಾಯಲ್ಲಿ ಸರಿಯಾಗಿಯೇ ಹೇಳುತ್ತಿದ್ದರು, ಕೈ ಮಾತ್ರ ಅಲ್ಲಿಗೇ ಹೋಗ್ತಿತ್ತು. ಮುಂದೆ ಮದ್ಯ, ಕೊಕೇನ್ ಚಟ ಹತ್ತಿದವರನ್ನು ಆಡಿಸಿದರೆ, ಅವರಲ್ಲೂ ಬಹಳ ಜನ ಆಡಿದ್ದು ಹಾಗೆಯೇ.

ಲ್ಯಾಬಿನಲ್ಲಿ ಮೀಟರ್ ಮೇಲೆ ಸಂಶಯ ಬಂದರೆ ನಾವು ಇನ್ನೊಂದು ಮೀಟರ್ ಇಟ್ಟು ನೋಡ್ತೇವೆ. ಅದೇ ಮೀಟರಿನ ರೀಡಿಂಗ್ ನೋಡಿ ‘ಸರಿ ಉಂಟು’ ಅಂತ ರೆಕಾರ್ಡಿನಲ್ಲಿ ಬರೆಯುವುದಿಲ್ಲ. ‘ಯಾವಾಗ ಬೇಕಾದ್ರೂ ಬಿಡ್ತೇನೆ’ ಅನ್ನುವುದು ಆ ಕೆಟ್ಟ ಮೀಟರಿನ ರೀಡಿಂಗ್.

ನಮ್ಮ ರೂಮಿನವನೊಬ್ಬ ಹೀಗೇ ಹೇಳ್ತಿದ್ದ. ಮೊದಲು ‘ಇಂಟರ್ನಲ್ಸ್ ಮುಗೀಲಿ’, ಆಮೇಲೆ ‘ಸೆಮ್ ಮುಗೀಲಿ’. ಲ್ಯಾಪ್‌ಟಾಪ್ ಮಾರಿದ, ಪ್ರಾಜೆಕ್ಟ್ ಇದ್ದದ್ದು ಅದರಲ್ಲೇ. ಲೆಕ್ಕದಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದವ ಅವನು! ನಾವು ಮಾಡಿದ್ದೆಂಥದು? ಪ್ರಾಕ್ಸಿ ಹಾಕಿದೆವು. ಅವನ ಅಮ್ಮ ಫೋನ್ ಮಾಡಿದಾಗ "ಲೈಬ್ರರಿಯಲ್ಲಿದ್ದಾನೆ ಆಂಟಿ" ಅಂದೆವು. ಇನ್ನೊಂದು ಮೀಟರ್ ಆಗಬೇಕಾದವರು ನಾವೇ ಅವನ ತಪ್ಪು ರೀಡಿಂಗನ್ನು ಕಾಪಿ ಮಾಡಿದ್ದು. ಮೂರನೇ ಸೆಮ್ ಮಧ್ಯದಲ್ಲಿ ಅವನ ಅಪ್ಪ ಬಂದು ಕರಕೊಂಡು ಹೋದರು.

ಸುಮ್ಮನಿದ್ದದ್ದು ಹೆದರಿಕೆಯಿಂದ. ಹೇಳಿದರೆ ಪೊಲೀಸ್, ಕಾಲೇಜಿನಿಂದ ಹೊರಗೆ ಅಂತ. ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇರುವುದು ಆಗ ಗೊತ್ತಿರಲಿಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಬಂದು ಸರಕಾರಿ ಅಥವಾ ಸರಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ಆ ಕೇಸ್ ಅವನ ಮೇಲೆ ನಡೆಯುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು.

ಜೂನ್ 26ಕ್ಕೆ ಎಲ್ಲ ಕ್ಯಾಂಪಸ್ಸಿನಲ್ಲೂ ಪ್ರತಿಜ್ಞೆ, ಬ್ಯಾನರ್, ಫೋಟೋ. ಇನ್ನೂ ಮುಟ್ಟದವರಿಗೆ ಅದು ಸಾಕೋ ಏನೋ. ಚಟಕ್ಕೆ ಬಿದ್ದವನ ಹತ್ತಿರ ‘ಗಟ್ಟಿ ಮನಸ್ಸು ಮಾಡು’ ಅನ್ನುವುದು, ಕಾಲು ಮುರಿದವನಿಗೆ ಓಡು ಅಂದ ಹಾಗೆ. ತಾನಾಗಿ ಸಹಾಯ ಕೇಳಿ ಬಂದವನನ್ನು ಹೊರಗೆ ಹಾಕುವುದಿಲ್ಲ ಅಂತ ಕಾಲೇಜುಗಳು ಲಿಖಿತವಾಗಿ ಹೇಳಲಿ. ರ‍್ಯಾಗಿಂಗ್ ವಿರೋಧಿ ನಂಬರ್ ಹಾಕುವ ನೋಟಿಸ್ ಬೋರ್ಡಿನಲ್ಲೇ ಟೆಲಿ-ಮಾನಸ್‌ನ 14416 ಕೂಡ ಇರಲಿ. ಕನ್ನಡದಲ್ಲೇ ಮಾತಾಡಬಹುದು, ರೂಮ್‌ಮೇಟ್ ಕೂಡ ಫೋನ್ ಮಾಡಬಹುದು.