ಸುರಪುರದ ಕಣ್ಣಿಗೆ ಸಿಯೆನಾ

ಕಲೆಯಲ್ಲಿ ಆಸಕ್ತಿಯುಳ್ಳವರು ಯೂರೋಪಿಗೆ ಹೋಗುವುದಾದರೆ ಯಾವ ನಗರವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಈಗ ಬೆಂಗಳೂರು ಮೈಸೂರುಗಳವರಿಗೆ ಮಾತ್ರ ಮೀಸಲಾದುದಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಿಂದಲೂ ಮಕ್ಕಳು ಹೈದರಾಬಾದಿಗೋ ಬೆಂಗಳೂರಿಗೋ ಉದ್ಯೋಗಾರ್ಥವಾಗಿ ಹೋಗಿ, ಅಲ್ಲಿಂದ ಜರ್ಮನಿಗೋ ಇಂಗ್ಲೆಂಡಿಗೋ ದಾಟಿ, ಅಲ್ಲಿ ನೆಲೆಯೂರಿದ ಮೇಲೆ ತಾಯಿತಂದೆಗಳನ್ನು ಒಂದು ಬೇಸಗೆಗೆ ಕರೆಸಿಕೊಳ್ಳುವ ಕಾಲ ಬಂದಿದೆ. ಹಾಗೆ ಹೊರಟವರಲ್ಲಿ ಮೂವತ್ತು ವರ್ಷ ಚಿತ್ರಕಲೆಯನ್ನು ಬೋಧಿಸಿ ನಿವೃತ್ತರಾದ ಮೇಷ್ಟ್ರುಗಳೂ ಇರುತ್ತಾರೆ, ಜೀವಮಾನವೆಲ್ಲ ಪುಸ್ತಕಗಳ ಮಾಸಿದ ಮುದ್ರಣದಲ್ಲಿ ಕಂಡ ಚಿತ್ರಗಳನ್ನು ಒಮ್ಮೆಯಾದರೂ ಎದುರಿಗೆ ನಿಂತು ನೋಡಬೇಕೆಂಬ ಹಂಬಲವುಳ್ಳ ತಾಯಂದಿರೂ ಇರುತ್ತಾರೆ. ಇಂಥವರಿಗೆ ಪ್ರವಾಸದ ಕಂಪನಿಗಳು ಹನ್ನೆರಡು ದಿನಗಳಲ್ಲಿ ಎಂಟು ನಗರಗಳ ಪಟ್ಟಿಯನ್ನು ಮುಂದಿಡುತ್ತವೆ. ಆ ಪಟ್ಟಿಯನ್ನು ಬದಿಗಿರಿಸಿ, ಒಂದೇ ನಗರವನ್ನು ಆರಿಸಿಕೊಳ್ಳಿರಿ, ಅದನ್ನೂ ನಿಮ್ಮ ಊರು ನಿಮ್ಮ ಕಣ್ಣಿಗೆ ಕಲಿಸಿರುವ ಪಾಠವನ್ನು ಅನುಸರಿಸಿ ಆರಿಸಿಕೊಳ್ಳಿರಿ ಎಂಬುದು ನನ್ನ ವಿಜ್ಞಾಪನೆ.

ಪ್ಯಾರಿಸ್ಸನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮವರೇ ಆದ ಕೆ. ಕೆ. ಹೆಬ್ಬಾರರು 1949ರ ಸುಮಾರಿಗೆ ಅಲ್ಲಿಗೆ ತೆರಳಿ ಅಕಾಡೆಮಿ ಜೂಲಿಯಾನಿನಲ್ಲಿ ಅಭ್ಯಾಸ ಮಾಡಿದರು. ಆದರೆ ಆ ವೇಳೆಗೆ ಅವರು ಮುಂಬಯಿಯಲ್ಲಿ ಕಲಿತು, ಕಲಿಸಿ, ಸ್ವಂತದ್ದೊಂದು ರೇಖೆಯನ್ನು ಸಂಪಾದಿಸಿಕೊಂಡಿದ್ದ ಪ್ರಬುದ್ಧ ಚಿತ್ರಕಾರರಾಗಿದ್ದರು. ಇಂದು ಲೂವ್ರ್ ಸಂಗ್ರಹಾಲಯಕ್ಕೆ ವರ್ಷವೊಂದಕ್ಕೆ 80 ಲಕ್ಷಕ್ಕೂ ಮಿಕ್ಕ ಜನ ಬರುತ್ತಾರೆ; 77 ಸೆಂಟಿಮೀಟರು ಎತ್ತರದ ಮೋನಾಲಿಸಾಳನ್ನು ಎತ್ತಿಹಿಡಿದ ಮೊಬೈಲುಗಳ ಕಾಡಿನ ನಡುವೆ ಕ್ಷಣಮಾತ್ರ ಕಂಡು ಮುಂದಕ್ಕೆ ಸಾಗಬೇಕಾಗುತ್ತದೆ. ಪ್ರಥಮ ಬಾರಿಗೆ, ಬಹುಶಃ ಏಕೈಕ ಬಾರಿಗೆ, ಸಮುದ್ರವನ್ನು ದಾಟುವ ಮನುಷ್ಯನಿಗೆ ಇಂಥ ದರ್ಶನದಿಂದ ಆಯಾಸವುಂಟಾದೀತೇ ವಿನಾ ರಸಾನುಭವವುಂಟಾಗಲಾರದು.

ನಮ್ಮ ಸೀಮೆಯ ಕಣ್ಣನ್ನು ತಿದ್ದಿದ ಕಲೆಗಳು ಎರಡು: ಒಂದು ಕಲ್ಲಿನದು, ಇನ್ನೊಂದು ಬಂಗಾರದ್ದು. ಕಲ್ಲಿನ ಕಲೆಯನ್ನು ಕಾಣಲು ಯಾದಗಿರಿ ಜಿಲ್ಲೆಯ ಗಡಿಯನ್ನು ತುಸುವೇ ದಾಟಿ, ಚಿತ್ತಾಪುರ ತಾಲ್ಲೂಕಿನ ಸನ್ನತಿಗೂ ಅದರ ಪಕ್ಕದ ಕನಗನಹಳ್ಳಿಗೂ ಹೋಗಬೇಕು. ಅಲ್ಲಿ ಭೀಮಾತೀರದ ಮಣ್ಣಿನಡಿಯಿಂದ ಎದ್ದುಬಂದ ಬೌದ್ಧ ಸ್ತೂಪದ ಸುಣ್ಣಗಲ್ಲಿನ ಚಪ್ಪಡಿಗಳಲ್ಲಿ, ರಾಣಿಯರೊಡನೆ ನಿಂತ ಅರಸನೊಬ್ಬನ ಪ್ರತಿಮೆಯ ಮೇಲೆ ‘ರಾಯ ಅಸೋಕ’ನೆಂಬ ಹೆಸರು ಬ್ರಾಹ್ಮೀಲಿಪಿಯಲ್ಲಿ ಕೆತ್ತಲ್ಪಟ್ಟಿದೆ. ಆ ಶಿಲ್ಪಗಳಲ್ಲಿ ಮನಸ್ಸು ನೆಟ್ಟವರಿಗೆ ನಾನು ಲಂಡನ್ನನ್ನು ಸೂಚಿಸುವೆನು. ಸನ್ನತಿಯನ್ನು ಬಳಸಿ ಹರಿದ ಭೀಮೆ ಮುಂದೆ ಕೃಷ್ಣೆಯನ್ನು ಕೂಡುವಳು. ಆ ಕೃಷ್ಣೆಯ ದಡದಲ್ಲಿಯೇ, ಬಹು ದೂರ ಕೆಳಗೆ, ಅಮರಾವತಿಯ ಮಹಾಸ್ತೂಪವಿದ್ದಿತು. ಅದರ ನೂರಕ್ಕೂ ಹೆಚ್ಚು ಶಿಲೆಗಳು ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. 1845ರಲ್ಲಿ ಅಮರಾವತಿಯನ್ನು ಅಗೆಯಿಸಿ ಅವುಗಳಲ್ಲಿ ಅನೇಕವನ್ನು ಮದರಾಸಿಗೆ ಸಾಗಿಸಿದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ನಮಗೆ ಅಪರಿಚಿತನೇನೂ ಅಲ್ಲ: 1824ರಲ್ಲಿ ಕಿತ್ತೂರಿನಲ್ಲಿ ಸೆರೆಸಿಕ್ಕಿ ಬಿಡುಗಡೆ ಹೊಂದಿದವನು, ಆಮೇಲೆ ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗೆ ಬೆಂಬಲವಾಗಿ ನಿಂತವನು, ನೂರಾರು ಶಾಸನಗಳನ್ನು ನಕಲು ಮಾಡಿಸಿದವನು. ಮದರಾಸಿನಲ್ಲಿ ವರ್ಷಗಟ್ಟಲೆ ಬಿಸಿಲುಮಳೆಗಳಿಗೆ ಮೈಯೊಡ್ಡಿ ಬಿದ್ದಿದ್ದ ಆ ಕಲ್ಲುಗಳು 1859ರಲ್ಲಿ ಲಂಡನ್ನಿಗೆ ಹಡಗನ್ನೇರಿದುವು. ಅವುಗಳು ಅಲ್ಲಿರುವುದು ನ್ಯಾಯವೋ ಅಲ್ಲವೋ ಎಂಬ ಚರ್ಚೆಗೆ ನಾನಿಲ್ಲಿ ಕೈಹಾಕುವುದಿಲ್ಲ; ಕನಗನಹಳ್ಳಿಯನ್ನು ಕಂಡು ಹೋದ ಯಾದಗಿರಿಯವನು ಆ ಮ್ಯೂಸಿಯಮ್ಮಿನ ಕೋಣೆಯಲ್ಲಿ ಬಂಧುಗಳ ಮುಂದೆ ನಿಂತಂತೆ ನಿಲ್ಲುವನೆಂಬುದು ಮಾತ್ರ ನಿಶ್ಚಯ. ಪ್ರವೇಶಕ್ಕೆ ಹಣವನ್ನೂ ತೆರಬೇಕಾಗಿಲ್ಲ.

ಬಂಗಾರದ ಕಲೆ ಸುರಪುರದ್ದು. ಬೆಟ್ಟಗಳ ಕೋಟೆಯೊಳಗಿನ ಆ ಪಟ್ಟಣದಲ್ಲಿ, ನಾಯಕ ಅರಸರ ಆಶ್ರಯದಲ್ಲಿ, ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ಬೆಳೆಯಿಸಿದ ಶೈಲಿಯನ್ನು ಮೈಸೂರು ತಂಜಾವೂರುಗಳ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಒಡಹುಟ್ಟಿದ ಲಕ್ಷಣಗಳೂ ಕಾಣುತ್ತವೆ, ಹೈದರಾಬಾದಿನ ದಖನಿ ಸೊಬಗು ಸೋಂಕಿದ ಬೇರೆತನವೂ ಕಾಣುತ್ತದೆ. ದೇವತೆಯ ಕಿರೀಟದಲ್ಲಿ, ಅರಸನ ಕಂಠೀಹಾರದಲ್ಲಿ, ಮಂಟಪದ ಕಮಾನಿನಲ್ಲಿ ಬಂಗಾರದ ರೇಕನ್ನು ಕೂರಿಸಿದ ಆ ಕೈಗಳಿಗೆ ಒಂದು ರಹಸ್ಯ ತಿಳಿದಿತ್ತು: ಬಂಗಾರವು ಉಳಿದ ವರ್ಣಗಳಂತೆ ಸುಮ್ಮನೆ ಇದ್ದಲ್ಲಿ ಇರುವುದಲ್ಲ, ದೀಪ ಚಲಿಸಿದರೆ ತಾನೂ ಚಲಿಸುವುದು, ನೋಡುವವನು ಒಂದು ಹೆಜ್ಜೆ ಸರಿದರೆ ತಾನೂ ಮುಖ ತಿರುಗಿಸುವುದು. ಮುದ್ರಿತ ಪುಟದಲ್ಲಿ ಇದು ಕಂದುಹಳದಿಯ ಕಲೆಯಾಗಿ ಸಾಯುತ್ತದೆ. ಸುರಪುರದ ಚಿತ್ರವೊಂದನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆಮಾಡಿ ನೋಡಿದವರಿಗೆ ಇದನ್ನು ನಾನು ಹೇಳಿಕೊಡಬೇಕಾದುದಿಲ್ಲ.

ಅಂಥ ಕಣ್ಣಿಗೆ ತಕ್ಕ ನಗರ ಇಟಲಿಯ ಸಿಯೆನಾ. ಫ್ಲಾರೆನ್ಸಿನಿಂದ ದಕ್ಷಿಣಕ್ಕೆ, ಬಸ್ಸಿನಲ್ಲಿ ಒಂದೂವರೆ ಗಂಟೆಯ ಹಾದಿಯಾಚೆ, ದಿಣ್ಣೆಗಳ ಮೇಲೆ ಕೆಂಪಿಟ್ಟಿಗೆಯಲ್ಲಿ ಎದ್ದುನಿಂತ ಚಿಕ್ಕ ಊರು ಅದು. ಒಂದು ತುದಿಯಿಂದ ಇನ್ನೊಂದು ತುದಿಗೆ ವಯಸ್ಸಾದವರೂ ನಿಧಾನವಾಗಿ ನಡೆದೇ ಹೋಗಬಹುದು. 1308ರಲ್ಲಿ ದೂಚ್ಚೋ ಎಂಬ ಚಿತ್ರಕಾರನಿಗೆ ಊರಿನ ಮಹಾದೇವಾಲಯದ ಪ್ರಧಾನ ಪೀಠಕ್ಕಾಗಿ ಒಂದು ಚಿತ್ರವನ್ನು ಒಪ್ಪಿಸಿದರು. ಸಿಂಹಾಸನಾರೂಢಳಾದ ಮಾತೆ ಮೇರಿ, ಸುತ್ತಲೂ ದೇವದೂತರು, ಸಂತರು, ಹಿಂದೆ ನಿರವಧಿಯಾದ ಬಂಗಾರ. 1311ರ ಜೂನ್ 9ರಂದು ಅದು ಮುಗಿದಾಗ ಅಂಗಡಿಗಳನ್ನು ಮುಚ್ಚಿ, ಗಂಟೆಗಳನ್ನು ಬಾರಿಸಿ, ಮೇಣದ ದೀಪಗಳನ್ನು ಹಿಡಿದು, ನಮ್ಮೂರ ದೇವರ ಪಲ್ಲಕ್ಕಿಯನ್ನು ಕೊಂಡೊಯ್ಯುವಂತೆಯೇ ಊರಿಗೆ ಊರೇ ಆ ಚಿತ್ರವನ್ನು ಕಾರ್ಯಶಾಲೆಯಿಂದ ದೇವಾಲಯಕ್ಕೆ ಮೆರವಣಿಗೆಯಲ್ಲಿ ಕೊಂಡೊಯ್ದಿತು. ಸುಮಾರು ನಾಲ್ಕು ಮೀಟರು ಅಗಲದ ಆ ಪ್ರಧಾನ ಫಲಕ ಈಗ ದೇವಾಲಯದ ಪಕ್ಕದ ಸಂಗ್ರಹಾಲಯದಲ್ಲಿದೆ.

ಅದನ್ನು ಮಾಡಿದ ಬಗೆಯನ್ನು ಅರಿತು ಹೋದರೆ ನೋಟಕ್ಕೆ ಆಳ ಬರುತ್ತದೆ. ಮರದ ಹಲಗೆಯ ಮೇಲೆ ಬಟ್ಟೆಯನ್ನು ಅಂಟಿಸಿ, ಜಿಪ್ಸಮ್ಮಿನ ಪುಡಿಯನ್ನು ಚರ್ಮದಿಂದ ಇಳಿಸಿದ ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿದು, ಒಣಗಿಸಿ, ಕೆರೆದು, ದಂತದಂತೆ ನುಣುಪುಗೊಳಿಸುವರು. ಅದರ ಮೇಲೆ ಕೆಂಪು ಜೇಡಿಯ ತೆಳುವಾದ ಲೇಪ. ಆ ಕೆಂಪಿನ ಮೇಲೆ ಉಸಿರಾಟಕ್ಕೂ ಹಾರುವ ಬಂಗಾರದ ರೇಕು. ಅನಂತರ ಹಲ್ಲಿನಿಂದಲೋ ನಯವಾದ ಕಲ್ಲಿನಿಂದಲೋ ಉಜ್ಜಿ ಉಜ್ಜಿ ಹೊಳಪು. ಮೈಬಣ್ಣಕ್ಕೂ ವಸ್ತ್ರಕ್ಕೂ ವರ್ಣಗಳನ್ನು ತತ್ತಿಯ ಹಳದಿಯಲ್ಲಿ ಕಲಸುವರು. ಶತಮಾನಗಳು ಸವೆಸಿದೆಡೆಯಲ್ಲಿ ಬಂಗಾರದೊಳಗಿಂದ ಆ ಕೆಂಪು ಇಣುಕಿ ನೋಡುತ್ತಿರುತ್ತದೆ. ಸುರಪುರದ ಚಿತ್ರಕಾರನು ಬೇರೆ ಅಂಟು, ಬೇರೆ ನೆಲ, ಬೇರೆ ದೇವರನ್ನು ಹಿಡಿದವನಾದರೂ ಈ ಕೆಲಸದ ಕಷ್ಟವನ್ನೂ ಈ ಕೆಲಸದ ಸಂತೋಷವನ್ನೂ ತಕ್ಷಣವೇ ಗುರುತಿಸಿಯಾನು. ಫ್ಲಾರೆನ್ಸಿನ ನಂತರದ ಚಿತ್ರಕಾರರು ಬಂಗಾರವನ್ನು ತೊರೆದು ಆಕಾಶವನ್ನೂ ದೂರವನ್ನೂ ಚಿತ್ರಿಸತೊಡಗಿದುದನ್ನೇ ಕಲೆಯ ಪ್ರಗತಿಯೆಂದು ಪಠ್ಯಪುಸ್ತಕಗಳು ನಮಗೆ ಕಲಿಸಿವೆ. ಆ ಪಾಠವನ್ನು ನಂಬಿದವರಿಗೆ ಸಿಯೆನಾ ಹಿಂದುಳಿದ ಊರಾಗಿ, ಸುರಪುರ ಅದಕ್ಕಿಂತಲೂ ಹಿಂದುಳಿದುದಾಗಿ ತೋರೀತು. ನಾನು ಅದನ್ನು ನಂಬುವುದಿಲ್ಲ. ಗಾಢ ಭಕ್ತಿಯು ದೂರವನ್ನು ಬಯಸುವುದಿಲ್ಲ. ಅದು ಸನ್ನಿಧಿಯನ್ನು ಬಯಸುತ್ತದೆ, ಬಂಗಾರದ ಹಿನ್ನೆಲೆಯು ಆ ಸನ್ನಿಧಿಯ ಭಾಷೆ.

ಸಿಯೆನಾದಲ್ಲಿ ಬಂಗಾರವಲ್ಲದುದೂ ಒಂದುಂಟು, ಅದಕ್ಕಾಗಿ ಅರ್ಧ ದಿನವನ್ನು ಎತ್ತಿಡಲೇಬೇಕು. ನಗರಸಭೆಯ ಅರಮನೆಯಲ್ಲಿ, ಊರನ್ನಾಳುತ್ತಿದ್ದ ಒಂಬತ್ತು ಮಂದಿ ಕೂಡುತ್ತಿದ್ದ ಕೋಣೆಯ ಗೋಡೆಗಳ ಮೇಲೆ, 1338-39ರಲ್ಲಿ ಅಂಬ್ರೋಜ್ಯೋ ಲೊರೆಂಜೆತ್ತಿ ಸುಶಾಸನ ದುಃಶಾಸನಗಳ ಫಲವನ್ನು ಚಿತ್ರಿಸಿದನು. ಒಂದೆಡೆ ಕೊಂಬುಳ್ಳ ನಿರಂಕುಶನ ಕೆಳಗೆ ಹಾಳಾದ ಬೀದಿಗಳು. ಇನ್ನೊಂದೆಡೆ ಮನೆ ಕಟ್ಟುತ್ತಿರುವ ಗಾರೆಯವರು, ಪಾದರಕ್ಷೆಯ ಅಂಗಡಿ, ಪಾಠ ಹೇಳುತ್ತಿರುವ ಗುರು, ಬೀದಿಯಲ್ಲಿ ಕೈಹಿಡಿದು ಕುಣಿಯುವವರು, ಕೋಟೆಯ ಬಾಗಿಲಾಚೆ ಇಳಿಜಾರಿನ ಹೊಲಗಳು, ಕಣದಲ್ಲಿ ಕಾಳು ಬಡಿಯುವ ರೈತರು. ಆಳುವವರು ತಲೆಯೆತ್ತಿದಾಗಲೆಲ್ಲ ತಮ್ಮ ಕರ್ತವ್ಯವೇ ಕಣ್ಣಿಗೆ ಬೀಳಬೇಕೆಂದು ಒಂದು ಊರು ಚಿತ್ರಕಾರನಿಗೆ ಹಣ ಕೊಟ್ಟು ಬರೆಯಿಸಿತಲ್ಲ! ಶಹಾಪುರದ ಕಾಲುವೆಯ ಕೊನೆಯ ಹೊಲದವರೆಗೆ ನೀರು ತಲುಪಿತೇ ಇಲ್ಲವೇ ಎಂದು ಕಾದು ಕುಳಿತ ರೈತರ ನಾಡಿನಿಂದ ಹೋದವನಿಗೆ ಆ ಗೋಡೆಯ ವ್ಯಾಖ್ಯಾನ ಬೇಡ.

ಪ್ರಯಾಣದ ಮಾತು ಸ್ವಲ್ಪ. ಜುಲೈ 2 ಮತ್ತು ಆಗಸ್ಟ್ 16ರಂದು ಊರಿನ ಪ್ರಸಿದ್ಧವಾದ ಕುದುರೆ ಪಂದ್ಯ ನಡೆಯುವುದರಿಂದ ಆ ದಿನಗಳ ಆಸುಪಾಸಿನಲ್ಲಿ ಜನಜಂಗುಳಿ ವಿಪರೀತ. ಚಿತ್ರಕ್ಕಾಗಿ ಹೋಗುವವರು ಏಪ್ರಿಲನ್ನೋ ಅಕ್ಟೋಬರನ್ನೋ ಆರಿಸಿಕೊಳ್ಳುವುದು ಮೇಲು. ಮೂರು ನಾಲ್ಕು ದಿನ ಅಲ್ಲಿಯೇ ತಂಗಿ, ದೂಚ್ಚೋವನ್ನು ಬೆಳಗ್ಗೆ ಒಮ್ಮೆ, ಇನ್ನೊಂದು ದಿನ ಸಂಜೆ ಒಮ್ಮೆ ನೋಡಿರಿ.

ಸಿಯೆನಾಕ್ಕೂ ಸುರಪುರಕ್ಕೂ ಇನ್ನೊಂದು ಸಾದೃಶ್ಯವಿದೆ, ಅದು ದುಃಖದ್ದು. 1348ರ ಮಹಾಮಾರಿಯಲ್ಲಿ ಸಿಯೆನಾದ ಅಸಂಖ್ಯ ಜನ ಸತ್ತರು. 1555ರಲ್ಲಿ ಊರು ಸ್ವಾತಂತ್ರ್ಯವನ್ನೇ ಕಳೆದುಕೊಂಡಿತು. ಸುರಪುರದ ರಾಜಾ ವೆಂಕಟಪ್ಪ ನಾಯಕರು, ತಾವು ಬಾಲ್ಯದಲ್ಲಿ ‘ಅಪ್ಪಾ’ ಎಂದು ಕರೆಯುತ್ತಿದ್ದ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನ ಆರೈಕೆಯಲ್ಲಿ ಬೆಳೆದವರು, 1858ರಲ್ಲಿ ಆಂಗ್ಲರ ವಿರುದ್ಧ ಎದ್ದು, ಸೋತು, ಅದೇ ವರ್ಷ ಅಸುನೀಗಿದರು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು. ಆಶ್ರಯವಳಿದ ಚಿತ್ರಗಳು ಮನೆಮನೆಗಳಿಗೆ, ದೂರದ ಸಂಗ್ರಹಗಳಿಗೆ ಚದುರಿದುವು. ದೂಚ್ಚೋವಿನ ಮಹಾಚಿತ್ರವನ್ನೂ ಊರಿನವರೇ 1771ರಲ್ಲಿ ಗರಗಸದಿಂದ ಕೊಯ್ದು ಬಿಡಿಸಿದರು. ಅದರ ಚಿಕ್ಕ ಫಲಕಗಳು ಇಂದು ಲಂಡನ್, ನ್ಯೂಯಾರ್ಕ್, ವಾಷಿಂಗ್‌ಟನ್ನುಗಳಲ್ಲಿವೆ. ಆದರೆ ಸಿಯೆನಾ ಮುಂದೆ ಎಚ್ಚತ್ತುಕೊಂಡಿತು, ಉಳಿದುದನ್ನು ಬರೆದ ಊರಿನಲ್ಲಿಯೇ ಉಳಿಸಿಕೊಂಡಿತು. ಆದುದರಿಂದಲೇ ಯಾದಗಿರಿಯಿಂದ ಒಬ್ಬನು ಅಲ್ಲಿಗೆ ಹೋಗಬೇಕೆಂದು ನಾನು ಬರೆಯುವಂತಾಗಿದೆ. ಸುರಪುರದ ಚಿತ್ರಗಳನ್ನು ಸುರಪುರದಲ್ಲಿಯೇ, ಅವುಗಳಿಗೆ ಹೊಂದುವ ಬೆಳಕಿನಲ್ಲಿ, ಶಾಲೆಯ ಮಕ್ಕಳೂ ಪರಸ್ಥಳದವರೂ ನೋಡುವಂಥ ಸುಸಜ್ಜಿತ ಚಿತ್ರಶಾಲೆಯನ್ನು ಸರ್ಕಾರವೂ ಊರಿನ ಮನೆತನಗಳೂ ಕೂಡಿ ಕಟ್ಟಬೇಕು. ಆರಂಭಕ್ಕೆ ಹೊಸ ಕಟ್ಟಡವೇ ಬೇಕೆಂದಿಲ್ಲ. ಗುಡ್ಡದ ಮೇಲಿನ ಟೇಲರ್ ಮಂಜಿಲದ ಎರಡು ಕೋಣೆಗಳನ್ನು ಬಿಟ್ಟುಕೊಟ್ಟರೂ ಆದೀತು.