ಗೃಹಾರೋಗ್ಯ: ನಿದ್ರೆ ಬಾರದ ರೋಗಿ

“ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ” ಎಂಬ ಗಾದೆಯನ್ನರಿಯದ ಮನೆಯುಂಟೆ? ಮನೆಯವರಲ್ಲೊಬ್ಬರಿಗೆ ಅರ್ಬುದರೋಗವು, ಎಂದರೆ ಕ್ಯಾನ್ಸರು, ತಗಲಿ ಅವರು ರಾತ್ರಿಯೆಲ್ಲ ಹೊರಳಾಡುತ್ತಿರುವಾಗ ನಾವು ಈ ಗಾದೆಯನ್ನೇ ನೆನೆದು, “ಚಿಂತೆಯನ್ನು ಬಿಡಿ, ನಿದ್ದೆ ತಾನಾಗಿ ಬರುವುದು” ಎಂದು ಸಮಾಧಾನ ಹೇಳುವೆವು. ಮಾತು ಪ್ರೀತಿಯದೇ ಸರಿ. ಆದರೆ ಅರ್ಧ ಸತ್ಯ. ಉಳಿದರ್ಧವನ್ನು ಈ ತಿಂಗಳು ವಾಚಕರ ಮುಂದಿಡಲೆಳಸುವೆವು.

ಬಹುಹೊತ್ತು ಕಣ್ಣು ಹತ್ತದಿರುವುದು, ನಡುರಾತ್ರಿ ಎಚ್ಚತ್ತು ಮರಳಿ ನಿದ್ರೆ ಬಾರದಿರುವುದು, ಬೆಳಗಿನ ಜಾವಕ್ಕೆ ಮೊದಲೇ ಎಚ್ಚರವಾಗುವುದು, ಇವೇ ನಿದ್ರಾಹೀನತೆಯ ಲಕ್ಷಣಗಳು. 2010ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಕಿಮೋಥೆರಪಿ ಪಡೆಯುತ್ತಿದ್ದ 823 ಮಂದಿಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ಜನರಿಗೆ ಮೊದಲ ಸುತ್ತಿನಲ್ಲಿಯೇ ಇಂತಹ ಬಾಧೆಯಿದ್ದಿತು. ಸ್ತನದ ಅರ್ಬುದವುಳ್ಳವರಲ್ಲಿ ಅದು ಹೆಚ್ಚು. 58 ವರ್ಷಕ್ಕೆ ಮೇಲ್ಪಟ್ಟವರಿಗಿಂತ ಕಿರಿಯರಲ್ಲಿ ಹೆಚ್ಚು. ನಮ್ಮ ದೇಶದ ಸ್ತ್ರೀಯರಲ್ಲಿ ಸ್ತನದ ಅರ್ಬುದವೇ ಎಲ್ಲಕ್ಕಿಂತ ಹೆಚ್ಚಾಗಿರುವುದು; ಅದೂ ಪಾಶ್ಚಾತ್ಯರಿಗಿಂತ ಎಳೆಯ ವಯಸ್ಸಿನಲ್ಲಿ ಅನೇಕರಿಗೆ ಬರುವುದು. ಹೀಗಾಗಿ ಮಕ್ಕಳಿನ್ನೂ ಶಾಲೆಗೆ ಹೋಗುತ್ತಿರುವ ಗೃಹಿಣಿಯೇ ಈ ಬಾಧೆಗೆ ಸುಲಭವಾಗಿ ತುತ್ತಾಗುವಳು. “ನನಗಾಗಿ ಎಲ್ಲರೂ ಇಷ್ಟು ಕಷ್ಟಪಡುತ್ತಿರುವಾಗ ನಿದ್ದೆಯ ದೂರೊಂದು ಬೇರೆಯೆ?” ಎಂದು ಸುಮ್ಮನಿರುವವಳೂ ಅವಳೇ.

ಚಿಂತೆಯು ಕಾರಣವೆಂಬುದು ನಿಜ. ಆದರೆ ಔಷಧಗಳ ಪಾತ್ರವೂ ಅಲ್ಪವಲ್ಲ. ವಾಂತಿಯನ್ನು ತಡೆಯಲು ಕಿಮೋಥೆರಪಿಯೊಡನೆ ಕೊಡುವ ಡೆಕ್ಸಾಮೆಥಸೋನ್ ಎಂಬ ಮದ್ದು ನಿದ್ರೆಯನ್ನು ಓಡಿಸಬಲ್ಲದು. ಅದನ್ನು ಬೆಳಗಿನಲ್ಲಿಯೇ ಸೇವಿಸಬಹುದೆ ಎಂದು ವೈದ್ಯರನ್ನು ಕೇಳತಕ್ಕದ್ದು. ಟಮಾಕ್ಸಿಫೆನ್ ಗುಳಿಗೆಯಿಂದ ಮೈ ಧಗೆಯೆದ್ದು ಬೆವರಿ ಎಚ್ಚರವಾಗುವುದುಂಟು; ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕೆ ಹಾರ್ಮೋನು ಚಿಕಿತ್ಸೆ ಪಡೆಯುವ ಪುರುಷರಿಗೂ ಹಾಗೆಯೇ. ನೋವಿದ್ದರಂತೂ ಹೇಳಬೇಕಾದುದೇ ಇಲ್ಲ. ಇವೆಲ್ಲಕ್ಕೂ ಉಪಾಯಗಳುಂಟು, ಆದರೆ ರೋಗಿಯು ಬಾಯಿಬಿಡದೆ ವೈದ್ಯರಿಗೆ ತಿಳಿಯುವುದೆಂತು?

ಇನ್ನೊಂದು ಕಾರಣವನ್ನು ನಾವೇ ಪ್ರೀತಿಯಿಂದ ಬೆಳೆಸುತ್ತೇವೆ. ಆಯಾಸಗೊಂಡವರನ್ನು ಹಗಲೆಲ್ಲ ಮಲಗಿಸುವೆವು. ಸಂಜೆಗೇ ದೀಪವಾರಿಸಿ ಹಾಸಿಗೆಗೆ ಕಳುಹಿಸುವೆವು. ನಿದ್ರೆಯಿಲ್ಲದೆ ಗಂಟೆಗಟ್ಟಲೆ ಬಿದ್ದುಕೊಂಡಿದ್ದರೆ ಹಾಸಿಗೆಯೆಂದರೆ ಎಚ್ಚರವೆಂಬುದೇ ದೇಹಕ್ಕೆ ರೂಢಿಯಾಗುವುದು. ಚಿಕಿತ್ಸೆ ಮುಗಿದರೂ ಆ ರೂಢಿ ಉಳಿಯಬಹುದು. ಆದುದರಿಂದ ದಿನವೂ ಒಂದೇ ಹೊತ್ತಿಗೆ ಏಳುವುದು, ಬೆಳಗಿನ ಬೆಳಕಿನಲ್ಲಿ ಶಕ್ತಿಯಿದ್ದಷ್ಟು ಅಡ್ಡಾಡುವುದು, ಹಗಲುನಿದ್ರೆಯನ್ನು ಅರ್ಧ ಗಂಟೆಗೆ ಮಿತಗೊಳಿಸುವುದು, ನಿದ್ರೆ ಬಾರದಿದ್ದಲ್ಲಿ ಎದ್ದು ಕುಳಿತು ಕಣ್ಣು ತೂಗಿದಾಗ ಮರಳಿ ಮಲಗುವುದು, ಇವು ಹಿತಕರ. ಬಹಳ ನಿತ್ರಾಣರಾದವರು ವೈದ್ಯರನ್ನು ಕೇಳಿ ಇವನ್ನು ಸಡಿಲಿಸಿಕೊಳ್ಳಲಿ. ಇಂತಹ ಅಭ್ಯಾಸಗಳನ್ನೂ ಮನಸ್ಸಿನ ತಪ್ಪೆಣಿಕೆಗಳನ್ನು ತಿದ್ದುವ ಕ್ರಮವನ್ನೂ ಒಳಗೊಂಡ ಚಿಕಿತ್ಸೆಯನ್ನೇ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಪ್ರಯೋಗಿಸಬೇಕೆಂದು 2016ರಲ್ಲಿ ಅಮೆರಿಕೆಯ ವೈದ್ಯರ ಕಾಲೇಜು ಸೂಚಿಸಿತು. ನಿದ್ರೆಯ ಗುಳಿಗೆಯಾಗಲಿ, ಬೇರು-ಚೂರ್ಣಗಳಾಗಲಿ, ಚಿಕಿತ್ಸೆ ನಡೆಸುವ ವೈದ್ಯರಿಗೆ ತಿಳಿಸದೆ ಕೊಡಕೂಡದು.

ಕಡೆಯದಾಗಿ, ಪಕ್ಕದಲ್ಲಿ ಕುಳಿತಿರುವವರ ಮಾತು. ರೋಗಿಯ ಕೆಮ್ಮಿಗೂ ನರಳಾಟಕ್ಕೂ ಬೆಚ್ಚಿ ಏಳುವ ಪತಿಯೋ, ಮಗಳೋ, ಸೊಸೆಯೋ ತಿಂಗಳುಗಟ್ಟಲೆ ನಿದ್ರೆಗೆಟ್ಟರೆ ಆ ಮನೆಯಲ್ಲಿ ರೋಗಿಗಳು ಇಬ್ಬರಾಗುವರು. ರಾತ್ರಿಯ ಪಾಳಿಯನ್ನು ಹಂಚಿಕೊಳ್ಳುವುದು ಕರ್ತವ್ಯಲೋಪವಲ್ಲ.

ಮುಂದಿನ ಸಾರಿ ಆಸ್ಪತ್ರೆಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ: ವಾರದಲ್ಲಿ ಎಷ್ಟು ರಾತ್ರಿ ನಿದ್ರೆಯಿಲ್ಲ, ಎಚ್ಚರವಾಗುವುದು ಎಷ್ಟು ಗಂಟೆಗೆ, ಅಂದು ಸೇವಿಸಿದ ಮದ್ದು ಯಾವುದು. ರೋಗಿಗೆ ಹೇಳಲು ಸಂಕೋಚವಾದರೆ ಆ ಚೀಟಿಯನ್ನು ನೀವೇ ವೈದ್ಯರ ಕೈಗೆ ಕೊಡಿರಿ.