ನೋಟ್‌ಬುಕ್ ಓದುವವರಾರು?

ಆಸ್ಪತ್ರೆ ಸುಧಾರಿಸಬೇಕು ಎಂದಾಗಲೆಲ್ಲ ನಮ್ಮವರಿಗೆ ಹೊಳೆಯುವುದು ಹೊಸ ಕಟ್ಟಡ, ಹೊಸ ಯಂತ್ರ, ರಿಬ್ಬನ್ ಕತ್ತರಿಸಲು ಒಬ್ಬ ಮಂತ್ರಿ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಗಿ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳು ಬಂದವು. ಬೇಡವೆನ್ನುವಷ್ಟು ಕೃತಘ್ನಳಲ್ಲ ನಾನು. ಆದರೆ ಮಕ್ಕಳ ಮೂತ್ರಪಿಂಡದ ಕಾಯಿಲೆಗೆ ಯಂತ್ರಕ್ಕಿಂತ ಮೊದಲು ಬೇಕಾದ್ದು ಲೆಕ್ಕದ ಪುಸ್ತಕ, ಅದನ್ನು ಓದುವ ಅಭ್ಯಾಸ.

ನನ್ನ ತರಗತಿಯಲ್ಲಿ ನೆಫ್ರೋಟಿಕ್ ಸಿಂಡ್ರೋಮ್ ಇದ್ದ ಹುಡುಗನೊಬ್ಬನಿದ್ದ. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ ಮೈ ಊದುವ ಕಾಯಿಲೆ ಇದು; ಸ್ಟಿರಾಯ್ಡ್ ಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ಇಳಿಯುತ್ತದೆ, ಅನೇಕರಲ್ಲಿ ಮತ್ತೆ ಮರುಕಳಿಸುತ್ತದೆ. (ಊದಿದ ರೆಪ್ಪೆ ಕಂಡು 'ರಾತ್ರಿಯೆಲ್ಲ ಟೀವಿ ನೋಡಿದೆಯೇನೋ' ಎಂದು ಗದರುವ ಮೇಷ್ಟರುಗಳು ಇದನ್ನು ಗಮನಿಸಬೇಕು.) ಅವನ ತಾಯಿ ಓದಿದ್ದು ಏಳನೇ ತರಗತಿ. ದಿನಾ ಬೆಳಿಗ್ಗೆ ಮೂತ್ರದಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ, ಬಣ್ಣ ನೋಡಿ, ಪ್ಲಸ್ ಒಂದೋ ಎರಡೋ ಎಂದು ಎರಡು ವರ್ಷ ಆಕೆ ಬರೆದಿಟ್ಟಿದ್ದರು. ಯಾವ ನೆಗಡಿ ಜ್ವರದ ಬೆನ್ನಿಗೆ ಊತ ಬಂತು, ಮಾತ್ರೆ ಎಷ್ಟಕ್ಕೆ ಇಳಿಸಿದಾಗ ಬಂತು, ಎಲ್ಲ ಅದರಲ್ಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಬದಲಾದಾಗಲೆಲ್ಲ "ಯಾವಾಗಿನಿಂದಮ್ಮ?" ಎಂದು ಮೊದಲಿನಿಂದ ಶುರು. ನೋಟ್‌ಬುಕ್ಕನ್ನು ಯಾರೂ ಬಿಚ್ಚಲಿಲ್ಲ. ಅಂಥ ನೂರು ನೋಟ್‌ಬುಕ್ಕುಗಳನ್ನು ಒಟ್ಟಿಗಿಟ್ಟು ನೋಡಿದ್ದರೆ ನೂರೊಂದನೆಯ ಮಗುವಿಗೆ ಎಷ್ಟು ಉಪಕಾರವಾಗುತ್ತಿತ್ತು!

ಹಗಲುಗನಸಲ್ಲ ಇದು. ಬೇರೊಂದು ತೊಂದರೆಗೆ ಅಮೆರಿಕದ ಮಕ್ಕಳ ಆಸ್ಪತ್ರೆಗಳು ಹೀಗೇ ಮಾಡಿದವು. ಹೊಟ್ಟೆಗೆ ಹಾಕಿದ ಕೊಳವೆಯ ಮೂಲಕ ಮನೆಯಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುವ ಮಕ್ಕಳಿಗೆ ಹೊಟ್ಟೆಯೊಳಗೆ ಸೋಂಕು ತಗಲುತ್ತಿತ್ತು. 2011ರಲ್ಲಿ 'ಸ್ಕೋಪ್' ಎಂಬ ಹೆಸರಿನಲ್ಲಿ ಒಟ್ಟುಗೂಡಿ, ಕೊಳವೆ ಹಾಕುವ ಕ್ರಮ, ಮನೆಯವರ ತರಬೇತಿ, ಪ್ರತಿ ಭೇಟಿಯಲ್ಲಿ ನೋಡಬೇಕಾದ್ದು, ಇವಕ್ಕೆಲ್ಲ ಒಂದೇ ಪಟ್ಟಿ ಮಾಡಿಕೊಂಡರು. ಪಟ್ಟಿಯಂತೆ ನಡೆದಿದೆಯೆ, ಸೋಂಕು ಎಷ್ಟಾಯಿತು ಎಂದು ತಿಂಗಳು ತಿಂಗಳೂ ಲೆಕ್ಕ ಒಪ್ಪಿಸಿ, ಒಬ್ಬರಿಂದೊಬ್ಬರು ಕಲಿತರು. ಮಗುವೊಂದಕ್ಕೆ ವರ್ಷಕ್ಕೆ ಸರಾಸರಿ 0.63 ಇದ್ದ ಸೋಂಕು ಮೂರು ವರ್ಷಗಳಲ್ಲಿ 0.42ಕ್ಕೆ ಇಳಿಯಿತು. ಹೊಸ ಔಷಧಿಯೇನೂ ಬಂದಿರಲಿಲ್ಲ.

"ಅವರಿಗೆ ದುಡ್ಡಿದೆ ಬಿಡಿ" ಎನ್ನುತ್ತೀರಿ. ಕೈ ಸರಿಯಾಗಿ ತೊಳೆಯುವುದನ್ನು ತಾಯಿಗೆ ಕಲಿಸಿ, ಸ್ವಲ್ಪ ಕಾಲದ ಮೇಲೆ ಮತ್ತೆ ಮಾಡಿಸಿ ನೋಡಲು ಎಷ್ಟು ಕೋಟಿ ಬೇಕು? ಅಡ್ಡ ಬರುವುದು ದುಡ್ಡಲ್ಲ, ನಮ್ಮಲ್ಲಿ ಇಷ್ಟು ಸೋಂಕಾಯಿತೆಂದು ಪಕ್ಕದ ಆಸ್ಪತ್ರೆಯ ಮುಂದೆ ಒಪ್ಪಿಕೊಳ್ಳುವ ಸಂಕೋಚ. ಅದಕ್ಕಿಂತ ತಾಯಿಯನ್ನು ಬೈಯುವುದು ಸುಲಭ. ಎಸ್ಸೆಸ್ಸೆಲ್ಸಿ ಫಲಿತಾಂಶ ಇಳಿದರೆ ನಮಗೆ ನೋಟೀಸು ಬರುತ್ತದೆ. ಆಸ್ಪತ್ರೆಗಳಿಗೂ ಕೊಡಿ ಎನ್ನುತ್ತಿಲ್ಲ ನಾನು. ನೋಟೀಸಿನ ಭಯವಿದ್ದಲ್ಲಿ ನಿಜವಾದ ಅಂಕಿ ಯಾರೂ ಬರೆಯುವುದಿಲ್ಲ, ಅದು ಮೇಷ್ಟರುಗಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೆಫ್ರೋಟಿಕ್ ಸಿಂಡ್ರೋಮ್ ಚಿಕಿತ್ಸೆಗೆ ನಮ್ಮ ದೇಶದ ತಜ್ಞರೇ 2021ರಲ್ಲಿ ಮಾರ್ಗಸೂಚಿ ಪರಿಷ್ಕರಿಸಿ ಕೊಟ್ಟಿದ್ದಾರೆ. ಅದರಂತೆ ಎಷ್ಟು ಮಕ್ಕಳಿಗೆ ನಡೆದಿದೆ, ಎಷ್ಟು ಮಕ್ಕಳಿಗೆ ಮರುಕಳಿಸಿತು ಎಂದು ನಾಲ್ಕು ಜಿಲ್ಲೆಯ ಡಾಕ್ಟರು, ನರ್ಸುಗಳು ತಿಂಗಳಿಗೊಮ್ಮೆ ಕೂತು ನೋಡಲಿ. ಇಬ್ಬರು ತಾಯಂದಿರಿಗೂ ಕುರ್ಚಿ ಹಾಕಲಿ, ಪ್ರೇಕ್ಷಕರಾಗಿ ಅಲ್ಲ.